ಸೆಲ್ಫ್ ಹೊಡೆಯುತ್ತದೆ, ಕಾರು ಮಾತ್ರ ಸ್ಟಾರ್ಟ್ ಆಗುವುದಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಕೀ ತಿರುಗಿಸುತ್ತೀರಿ. ಇಂಜಿನ್ ರ್ರು-ರ್ರು-ರ್ರು ಅಂತ ತಿರುಗುತ್ತದೆ. ಇನ್ನೇನು ಹತ್ತಿಕೊಂಡಿತು ಅನ್ನಿಸುತ್ತದೆ, ಆದರೆ ಹತ್ತುವುದಿಲ್ಲ. ಇಂಥ ಹೊತ್ತಲ್ಲಿ ಸುತ್ತ ನಿಂತವರಲ್ಲಿ ಒಬ್ಬರು ಬ್ಯಾಟರಿ ಅಂತಾರೆ, ಇನ್ನೊಬ್ಬರು ಪ್ಲಗ್ ಅಂತಾರೆ, ಮತ್ತೊಬ್ಬರು ಪಂಪ್ ಹೋಗಿದೆ ಅಂತಾರೆ. ಮೂವರೂ ಊಹೆಯಲ್ಲೇ ಮಾತಾಡುತ್ತಿರುತ್ತಾರೆ. ಊಹೆಯ ಮೇಲೆ ಪಾರ್ಟ್ಸ್ ಕೊಂಡು ನಾನೂ ಕೈ ಸುಟ್ಟುಕೊಂಡಿದ್ದೇನೆ. ಹಾಗಾಗಿ ಇಲ್ಲಿನ ಉತ್ತರಗಳೆಲ್ಲ ಒಂದೇ ಕಡೆಗೆ ವಾಲುತ್ತವೆ: ಮೊದಲು ಯಾವುದು ಸಿಗುತ್ತಿಲ್ಲ ಅಂತ ಗೊತ್ತು ಮಾಡಿಕೊಳ್ಳಿ, ಸ್ಪ್ಯಾನರ್ ಆಮೇಲೆ ಹಿಡಿಯಿರಿ.

ನನ್ನ ಕಾರಿಗೆ ಇರುವುದು ಇದೇ ತೊಂದರೆನಾ? ಹೇಗೆ ಗೊತ್ತಾಗುತ್ತದೆ?

ಕಿವಿಗೆ ಗೊತ್ತಾಗುತ್ತದೆ. ಕೀ ತಿರುಗಿಸಿದಾಗ ಏನೂ ಸದ್ದಿಲ್ಲ, ಅಥವಾ ಒಂದೇ ಒಂದು "ಟಕ್" ಬಂತು ಅಂದರೆ ಇಂಜಿನ್ ತಿರುಗುತ್ತಲೇ ಇಲ್ಲ. ಟಿಕ್-ಟಿಕ್-ಟಿಕ್ ಅಂತ ಬೇಗಬೇಗ ಬಡಿದುಕೊಂಡರೆ ಬಹುತೇಕ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ಸ್ಟಾರ್ಟರ್ ಮೋಟಾರ್ ಒಂದೇ "ವೀಈಈ" ಅಂತ ಸುತ್ತಿ ಇಂಜಿನ್ ಅಲುಗಾಡದಿದ್ದರೆ ಅದರ ಹಲ್ಲು ಇಂಜಿನ್ ತಿರುಗಿಸುವ ಹಲ್ಲಿನ ಚಕ್ರಕ್ಕೆ (ಫ್ಲೈವೀಲ್‌ಗೆ) ಕಚ್ಚುತ್ತಿಲ್ಲ. ಇವೆಲ್ಲ ಬೇರೆ ಕಾಯಿಲೆಗಳು.

ಇಂಜಿನ್ ತಾಳಬದ್ಧವಾಗಿ, ಮಾಮೂಲಿ ವೇಗದಲ್ಲಿ ತಿರುಗಿಯೂ ಹತ್ತುತ್ತಿಲ್ಲ ಅಂದರೆ ಮಾತ್ರ ಮುಂದೆ ಓದಿ. ಆಟೊಮ್ಯಾಟಿಕ್ ಗಾಡಿಯವರು "ಗೇರ್ ಪಾರ್ಕ್‌ನಲ್ಲಿ ಇಲ್ಲವೇನೋ" ಅಂತ ಕೇಳುವುದುಂಟು. ಹಾಗಿದ್ದರೆ ಸೆಲ್ಫೇ ತಿರುಗುತ್ತಿರಲಿಲ್ಲ. ಅದನ್ನು ಪಟ್ಟಿಯಿಂದ ತೆಗೆದುಬಿಡಿ.

ಸ್ಟಾರ್ಟ್ ಆಗಲು ಇಂಜಿನ್‌ಗೆ ಏನೇನು ಬೇಕು?

ಪೆಟ್ರೋಲ್ ಇಂಜಿನ್‌ಗೆ ಇಂಧನ, ಕಿಡಿ, ಗಾಳಿ, ಆ ಗಾಳಿಯನ್ನು ಒತ್ತುವ ಕಂಪ್ರೆಷನ್. ಇವು ನಾಲ್ಕೂ ಸರಿಯಾದ ಹೊತ್ತಿಗೆ ಸಿಗಬೇಕು. ಡೀಸೆಲ್‌ಗೆ ಕಿಡಿ ಬೇಡ, ಒತ್ತಡದ ಬಿಸಿಯೇ ಸಾಕು. ಈಗಿನ ಗಾಡಿಗಳಿಗೆ ಇನ್ನೂ ಒಂದು ಬೇಕು: ಇಸಿಯು ಅನ್ನುವ ಕಂಪ್ಯೂಟರಿನ ಒಪ್ಪಿಗೆ. ಅದು ಕೀಯನ್ನು ಗುರುತು ಹಿಡಿಯದಿದ್ದರೆ ಉಳಿದದ್ದೆಲ್ಲ ಇದ್ದೂ ಇಲ್ಲದ ಹಾಗೆ.

ಹತ್ತಿಕೊಳ್ಳುವ ತನಕ ಸೆಲ್ಫ್ ಹೊಡೆಯುತ್ತಲೇ ಇದ್ದರೆ ಏನಾಗುತ್ತದೆ?

ಒಂದು ತೊಂದರೆ ಇದ್ದಲ್ಲಿ ಮೂರಾಗುತ್ತವೆ. ಸ್ಟಾರ್ಟರ್ ಮೋಟಾರ್ ಕೆಲವು ಸೆಕೆಂಡ್ ದುಡಿಯಲು ಮಾತ್ರ ಮಾಡಿದ್ದು, ಬೇಗ ಕಾಯುತ್ತದೆ. ಬ್ಯಾಟರಿ ಇಳಿಯುತ್ತದೆ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ, ಆಮೇಲೆ ಇಂಜಿನ್ ಹತ್ತಿದಾಗ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನೇ ಸುಡಬಹುದು. ಒಂದು ಸಲಕ್ಕೆ 10 ಸೆಕೆಂಡ್ ಮೀರಬೇಡಿ. ಮಧ್ಯೆ ಅರ್ಧ ನಿಮಿಷದಿಂದ ಒಂದು ನಿಮಿಷ ಬಿಡಿ. ಮೂರು ಸಲಕ್ಕೆ ಆಗಲಿಲ್ಲ ಅಂದರೆ ನಾಲ್ಕನೆಯದಕ್ಕೂ ಆಗುವುದಿಲ್ಲ ಅಂತಲೇ ಲೆಕ್ಕ ಹಾಕಿ ಕೈ ಬಿಡಿ.

ಬಾನೆಟ್ ಎತ್ತುವ ಮೊದಲು ಏನು ನೋಡಬೇಕು?

ನನ್ನ ಪ್ರಕಾರ ಅರ್ಧ ರೋಗ ಸೀಟಿನಲ್ಲಿ ಕೂತಲ್ಲೇ ಗೊತ್ತಾಗುತ್ತದೆ. ಆದರೆ ಎಲ್ಲರೂ ಮೊದಲು ಓಡುವುದು ಬಾನೆಟ್ ಕಡೆಗೆ.

ರೇಡಿಯೊ, ಫ್ಯಾನ್, ಎಸಿ ಎಲ್ಲ ಆಫ್ ಮಾಡಿ. ಕಿಟಕಿ ಏರಿಸಿ. ಪಕ್ಕದಲ್ಲಿ ಕೂತವರಿಗೂ ಸ್ವಲ್ಪ ಸುಮ್ಮನಿರಲು ಹೇಳಿ. ಈಗ ಕೀಯನ್ನು ಆನ್ ತನಕ ಮಾತ್ರ ತಿರುಗಿಸಿ, ಸೆಲ್ಫ್ ಹೊಡೆಯಬೇಡಿ. ಹಿಂದಿನ ಸೀಟಿನ ಕೆಳಗಿಂದ "ಹ್ಮ್ಮ್ಮ್" ಅಂತ ಎರಡು ಮೂರು ಸೆಕೆಂಡ್ ಸಣ್ಣ ಗುಂಯ್‌ಗುಡುವಿಕೆ ಬಂದು ನಿಲ್ಲುತ್ತದೆ. ಅದೇ ಟ್ಯಾಂಕಿನಿಂದ ಇಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪ್. ಕೆಲವು ಗಾಡಿಗಳಲ್ಲಿ ಡ್ರೈವರ್ ಬಾಗಿಲು ತೆಗೆದ ಕೂಡಲೇ ಈ ಸದ್ದು ಬಂದು ಹೋಗಿಬಿಡುತ್ತದೆ. ಗಾಡಿ ಚೆನ್ನಾಗಿರುವಾಗಲೇ ಒಮ್ಮೆ ಕೇಳಿಟ್ಟುಕೊಂಡರೆ ಕೆಟ್ಟ ದಿನ ಉಪಯೋಗಕ್ಕೆ ಬರುತ್ತದೆ.

ಆಮೇಲೆ ಮೀಟರ್ ನೋಡಿ. ಕೀ ಆನ್ ಮಾಡಿದಾಗ ಚೆಕ್ ಇಂಜಿನ್ ದೀಪ ಹತ್ತಲೇಬೇಕು. ಹತ್ತದಿದ್ದರೆ ಅದು ಒಳ್ಳೆಯ ಸುದ್ದಿ ಅಲ್ಲ. ಇಸಿಯುಗೆ ಕರೆಂಟೇ ಹೋಗದೆ ಇರಬಹುದು: ಅದರ ಫ್ಯೂಸ್, ಮೇನ್ ರಿಲೇ (ಕರೆಂಟನ್ನು ಆನ್-ಆಫ್ ಮಾಡುವ ಸಣ್ಣ ಸ್ವಿಚ್ ಡಬ್ಬಿ) ಅಥವಾ ಅರ್ತಿಂಗ್. ಕೀ ಅಥವಾ ಬೀಗದ ಚಿಹ್ನೆಯ ದೀಪ ಮಿನುಗುತ್ತಲೇ ಇದೆಯಾ ಅಂತಲೂ ನೋಡಿ.

ಈಗ ಸೆಲ್ಫ್ ಹೊಡೆಯಿರಿ, ಕಣ್ಣು ಆರ್‌ಪಿಎಂ ಮುಳ್ಳಿನ ಮೇಲಿರಲಿ. ಸೆಲ್ಫ್ ತಿರುಗುವಾಗ ಇಂಜಿನ್ ನಿಮಿಷಕ್ಕೆ ಸುಮಾರು 200 ಸುತ್ತು ಸುತ್ತುತ್ತದೆ. ಹಾಗಾಗಿ ಅನೇಕ ಗಾಡಿಗಳಲ್ಲಿ ಮುಳ್ಳು ಚೂರು ಮೇಲೆದ್ದು ನಡುಗುತ್ತದೆ. ಮೊದಲೆಲ್ಲ ಏಳುತ್ತಿದ್ದ ಮುಳ್ಳು ಈಗ ಸೊನ್ನೆಯಲ್ಲೇ ಬಿದ್ದಿದ್ದರೆ, ಇಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಬರಬೇಕು. ಎಲ್ಲ ಗಾಡಿಯಲ್ಲೂ ಮುಳ್ಳು ಏಳುವುದಿಲ್ಲ, ಆದ್ದರಿಂದ ಇದು ಸುಳಿವು ಮಾತ್ರ, ತೀರ್ಪಲ್ಲ.

ಕೊನೆಗೆ ಮೂಗು. ಇಳಿದು ಸೈಲೆನ್ಸರ್ ಹತ್ತಿರ ಹೋಗಿ. ಪೆಟ್ರೋಲ್ ವಾಸನೆ ಜಾಸ್ತಿ ಇದ್ದರೆ ಇಂಧನ ಬರುತ್ತಿದೆ, ಉರಿಯುತ್ತಿಲ್ಲ. ಇಷ್ಟು ಹೊತ್ತು ಸೆಲ್ಫ್ ಹೊಡೆದರೂ ವಾಸನೆಯೇ ಇಲ್ಲ ಅಂದರೆ ಬಹುಶಃ ಇಂಧನ ಬರುತ್ತಲೇ ಇಲ್ಲ.

ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಿದೆ. ಪೆಟ್ರೋಲ್ ಇದೆ ಅಂತ ತಾನೇ ಅರ್ಥ?

ಮುಳ್ಳಿನ ಮಾತು ನಂಬಬೇಡಿ. ಟ್ಯಾಂಕಿನ ಒಳಗೆ ತೇಲುವ ಫ್ಲೋಟ್ ಸಿಕ್ಕಿಹಾಕಿಕೊಂಡರೆ ಮುಳ್ಳು ಇದ್ದಲ್ಲೇ ಇರುತ್ತದೆ. ಗಾಡಿ ಇಳಿಜಾರಿನಲ್ಲಿ ನಿಂತಿದ್ದರೆ ಇರುವ ಸ್ವಲ್ಪ ಪೆಟ್ರೋಲೂ ಒಂದು ಮೂಲೆಗೆ ಸರಿದು ಪಂಪ್‌ಗೆ ಸಿಗದೆ ಹೋಗಬಹುದು. ಇದು ಬಾಲಿಶ ಅನ್ನಿಸುತ್ತದೆ ಅಲ್ವಾ? ನನಗೂ ಅನ್ನಿಸಿತ್ತು. ಫ್ಯೂಸ್ ನೋಡಿ, ರಿಲೇ ಬದಲಿಸಿ, ಪ್ಲಗ್ ಬಿಚ್ಚಿ ಎರಡು ಗಂಟೆ ಒದ್ದಾಡಿದ ಮೇಲೆ ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬ "ಅಂಕಲ್, ಪೆಟ್ರೋಲ್ ಇದೆಯಾ?" ಅಂತ ಕೇಳಿದ. ಐದು ಲೀಟರ್ ಹಾಕಿದೆ, ಗಾಡಿ ಹತ್ತಿಕೊಂಡಿತು. ಆವತ್ತಿನಿಂದ ಅನುಮಾನ ಬಂದರೆ ಮೊದಲು ಐದು ಲೀಟರ್ ಹಾಕಿಯೇ ಮುಂದಿನ ಮಾತು.

ಪಂಪ್ ಸದ್ದೇ ಬರುತ್ತಿಲ್ಲ. ಪಂಪ್ ಬದಲಿಸಬೇಕಾ?

ಅವಸರ ಬೇಡ. ಪಂಪ್ ಸತ್ತಿದೆಯೋ, ಅದಕ್ಕೆ ಕರೆಂಟ್ ಹೋಗುತ್ತಿಲ್ಲವೋ ಅನ್ನುವುದು ಮೊದಲು ಇತ್ಯರ್ಥ ಆಗಬೇಕು. ಫ್ಯೂಸ್ ಬಾಕ್ಸ್ ಮುಚ್ಚಳದ ಒಳಗಿನ ಚಿತ್ರ ನೋಡಿ ಪಂಪ್ ಫ್ಯೂಸ್ ಎಳೆಯಿರಿ, ಒಳಗಿನ ತಂತಿ ತುಂಡಾಗಿದೆಯಾ ನೋಡಿ. ಹೊಸದು ಹಾಕಿದ ಕೂಡಲೇ ಅದೂ ಸುಟ್ಟರೆ ಎಲ್ಲೋ ಶಾರ್ಟ್ ಇದೆ. ದೊಡ್ಡ ಫ್ಯೂಸ್ ಹಾಕಿ "ಸರಿ" ಮಾಡಲು ಹೋಗಬೇಡಿ, ವೈರಿಂಗ್ ಹೊತ್ತಿಕೊಳ್ಳುತ್ತದೆ.

ಫ್ಯೂಸ್ ಸರಿ ಇದ್ದರೆ ರಿಲೇ. ಬಹಳ ಗಾಡಿಗಳಲ್ಲಿ ಹಾರ್ನ್ ರಿಲೇಯೂ ಪಂಪ್ ರಿಲೇಯೂ ಒಂದೇ ನಂಬರಿನದಾಗಿರುತ್ತವೆ. ಮೇಲಿನ ನಂಬರ್ ಹೊಂದಿದರೆ ಎರಡನ್ನೂ ಅದಲು ಬದಲು ಮಾಡಿ. ಗಾಡಿ ಹತ್ತಿ ಹಾರ್ನ್ ನಿಂತುಹೋದರೆ ಕಳ್ಳ ಸಿಕ್ಕಿಬಿದ್ದ ಹಾಗೆಯೇ. ಖರ್ಚಿಲ್ಲದ ಟೆಸ್ಟ್ ಇದು, ನನಗೆ ಬಹಳ ಇಷ್ಟ.

ಕೆಲವು ಗಾಡಿಗಳಲ್ಲಿ ಅಪಘಾತವಾದರೆ ಪಂಪ್ ನಿಲ್ಲಿಸುವ ಸ್ವಿಚ್ ಇರುತ್ತದೆ. ದೊಡ್ಡ ಗುಂಡಿಗೆ ಬಿದ್ದರೂ, ಹಿಂದಿನಿಂದ ಯಾರಾದರೂ ತಾಗಿಸಿದರೂ ಅದು ಹಾರಿಬಿಡಬಹುದು. ಮೇಲಿನ ಬಟನ್ ಒತ್ತಿದರೆ ಮತ್ತೆ ಸರಿ. ಎಲ್ಲಿದೆ ಅನ್ನುವುದು ಗಾಡಿಯ ಪುಸ್ತಕದಲ್ಲಿರುತ್ತದೆ. ಒತ್ತುವ ಮೊದಲು ಪೆಟ್ರೋಲ್ ಎಲ್ಲೂ ಸೋರುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಿ.

ಇಷ್ಟಾದರೂ ಸದ್ದಿಲ್ಲದಿದ್ದರೆ, ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಇನ್ನೊಬ್ಬರು ಟ್ಯಾಂಕಿನ ತಳವನ್ನು ರಬ್ಬರ್ ಸುತ್ತಿಗೆಯಿಂದಲೋ ಅಂಗೈಯಿಂದಲೋ ಮೆಲ್ಲಗೆ ತಟ್ಟಲಿ. ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್ ಎಳೆದು ನಿಂತಿರಲಿ. ಸವೆದ ಪಂಪ್ ಮೋಟಾರ್ ಒಮ್ಮೊಮ್ಮೆ ಈ ಪೆಟ್ಟಿಗೆ ಎದ್ದು ತಿರುಗುತ್ತದೆ. ತಿರುಗಿತು ಅಂದರೆ ಅದು ಮನೆ ತಲುಪುವಷ್ಟಕ್ಕೆ ಸಿಕ್ಕಿದ ಅವಕಾಶ, ಹೊಸ ಪಂಪ್ ಬೇಕೇ ಬೇಕು. ತಟ್ಟಿದರೂ ಏಳದಿದ್ದರೆ ಪಂಪಿನ ಸಾಕೆಟ್ಟಿನಲ್ಲಿ ಟೆಸ್ಟ್ ಲ್ಯಾಂಪ್ ಇಟ್ಟು, ಕೀ ಆನ್ ಮಾಡಿದ ಎರಡು ಸೆಕೆಂಡ್ ಕರೆಂಟ್ ಬರುತ್ತದಾ ನೋಡಿ. ಕರೆಂಟ್ ಮತ್ತು ಅರ್ತಿಂಗ್ ಎರಡೂ ಸರಿ ಇದ್ದು ಪಂಪ್ ತಿರುಗದಿದ್ದರೆ, ಆಗ ಧೈರ್ಯವಾಗಿ ಪಂಪ್ ಕೊಳ್ಳಿ.

ಪಂಪ್ ಸದ್ದು ಬರುತ್ತಿದೆ. ಹಾಗಿದ್ದರೆ ಇಂಧನದ ಕಡೆ ಎಲ್ಲ ಸರಿ ಅಂತಾಯಿತಾ?

ಇಲ್ಲ. ಸದ್ದು ಬಂದರೆ ಮೋಟಾರ್ ತಿರುಗುತ್ತಿದೆ ಅಂತ ಮಾತ್ರ ಅರ್ಥ. ಮಾಮೂಲಿ ಪೆಟ್ರೋಲ್ ಇಂಜೆಕ್ಷನ್ ಗಾಡಿಗೆ ಸುಮಾರು 3ರಿಂದ 4 ಬಾರ್ ಒತ್ತಡ ಬೇಕು. ಫಿಲ್ಟರ್ ಕಟ್ಟಿಕೊಂಡಿದ್ದರೆ, ಒತ್ತಡ ಹತೋಟಿಯಲ್ಲಿಡುವ ರೆಗ್ಯುಲೇಟರ್ ಸೋರುತ್ತಿದ್ದರೆ, ಪಂಪ್ ಒಳಗಿನ ಚಿಕ್ಕ ಪೈಪ್ ಸೀಳಿದ್ದರೆ ಸದ್ದು ಬಂದರೂ ಒತ್ತಡ ಬರುವುದಿಲ್ಲ. ಇದಕ್ಕೆ ಒತ್ತಡ ಅಳೆಯುವ ಗೇಜ್ ಹಾಕಿಯೇ ನೋಡಬೇಕು. ಪೈಪ್ ಬಿಚ್ಚಿ "ಬರುತ್ತಿದೆಯಾ" ಅಂತ ನೋಡುವುದು ಅಪಾಯ, ಒತ್ತಡದಲ್ಲಿರುವ ಪೆಟ್ರೋಲ್ ಮುಖಕ್ಕೆ, ಬಿಸಿ ಇಂಜಿನ್ ಮೇಲೆ ಚಿಮ್ಮುತ್ತದೆ.

ಗೇಜ್ ಇಲ್ಲದವರಿಗೆ ಒಂದು ಉಪಾಯ ಇದೆ. ಕೀ ಆನ್ ಮಾಡಿ ಮೂರು ಸೆಕೆಂಡ್ ಬಿಟ್ಟು ಆಫ್ ಮಾಡಿ. ಹೀಗೆ ಮೂರು ನಾಲ್ಕು ಸಲ ಮಾಡಿ, ಆಮೇಲೆ ಸೆಲ್ಫ್ ಹೊಡೆಯಿರಿ. ಈಗ ಥಟ್ಟನೆ ಹತ್ತಿಕೊಂಡರೆ, ಗಾಡಿ ನಿಂತಿದ್ದಾಗ ಒತ್ತಡ ಇಳಿದುಹೋಗುತ್ತಿದೆ ಅಂತ ಅರ್ಥ. ಬೆಳಿಗ್ಗೆ ಮಾತ್ರ ಬಹಳ ಹೊತ್ತು ಸೆಲ್ಫ್ ಹೊಡೆಸಿಕೊಳ್ಳುವ ಗಾಡಿಗಳಲ್ಲಿ ಇದೇ ಜಾಸ್ತಿ.

ಕಿಡಿ ಬರುತ್ತಿದೆಯಾ ಅಂತ ನೋಡುವುದು ಹೇಗೆ?

ಸ್ಪಾರ್ಕ್ ಟೆಸ್ಟರ್ ಅಂತ ಸಣ್ಣ ಸಾಧನ ಸಿಗುತ್ತದೆ, ಅದನ್ನೇ ಬಳಸಿ. ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವ ಕಾಯಿಲ್ ಮತ್ತು ಪ್ಲಗ್ ನಡುವೆ ಸೇರಿಸಿ ಸೆಲ್ಫ್ ಹೊಡೆದರೆ ಕಿಡಿ ಬಂದಾಗ ಮಿಂಚುತ್ತದೆ. ಪ್ಲಗ್ ಬಿಚ್ಚಿ ಕೈಯಲ್ಲಿ ಹಿಡಿದು ಇಂಜಿನ್‌ಗೆ ತಾಗಿಸಿ ನೋಡುವ ಹಳೆ ಅಭ್ಯಾಸ ಬಿಡಿ. ಅಲ್ಲಿ ಹರಿಯುವುದು ಹತ್ತಾರು ಸಾವಿರ ವೋಲ್ಟ್, ಪ್ಲಗ್ ಕುಳಿಯಿಂದ ಹೊರಬರುವುದು ಪೆಟ್ರೋಲ್ ಆವಿ. ಎರಡೂ ಒಂದೇ ಕಡೆ ಸೇರಬಾರದು.

ಕಿಡಿ ಇಲ್ಲದಿದ್ದರೆ ಒಂದು ಸರಳ ತರ್ಕ ಇಟ್ಟುಕೊಳ್ಳಿ. ಈಗಿನ ಬಹಳ ಗಾಡಿಗಳಲ್ಲಿ ಒಂದೊಂದು ಸಿಲಿಂಡರಿಗೂ ಒಂದೊಂದು ಕಾಯಿಲ್. ನಾಲ್ಕು ಕಾಯಿಲ್‌ಗಳೂ ಒಂದೇ ರಾತ್ರಿ ಸಾಯುವುದಿಲ್ಲ. ಒಂದು ಹೋದರೆ ಗಾಡಿ ನಡುಗುತ್ತಾ ಓಡುತ್ತದೆ, ಆದರೆ ಸ್ಟಾರ್ಟ್ ಆಗುತ್ತದೆ. ನಾಲ್ಕರಲ್ಲೂ ಕಿಡಿ ಇಲ್ಲ ಅಂದರೆ ನಾಲ್ಕಕ್ಕೂ ಸಾಮಾನ್ಯವಾದದ್ದನ್ನು ಹುಡುಕಿ: ಕಾಯಿಲ್ ಫ್ಯೂಸ್, ಮೇನ್ ರಿಲೇ, ಅರ್ತಿಂಗ್, ಕ್ರ್ಯಾಂಕ್ ಸೆನ್ಸರ್, ಇಲಿ ಕಡಿದ ವೈರ್. ಕೊನೆಯದು ತಮಾಷೆಗೆ ಹೇಳಿದ್ದಲ್ಲ.

ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಗಾಡಿ ಮಳೆ ಬಂದ ದಿನ ಮಾತ್ರ ಮುಷ್ಕರ ಹೂಡಿದರೆ ಕ್ಯಾಪ್ ಒಳಗೆ ತೇವ ಸೇರಿರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ನೋಡಿ.

ಓಡುತ್ತಾ ಓಡುತ್ತಾ ನಿಂತುಹೋಗುತ್ತದೆ, ಅರ್ಧ ಗಂಟೆ ಬಿಟ್ಟರೆ ಏನೂ ಆಗದ ಹಾಗೆ ಹತ್ತಿಕೊಳ್ಳುತ್ತದೆ. ಯಾಕೆ?

ನನಗೆ ಅತಿ ದುಬಾರಿ ಪಾಠ ಕಲಿಸಿದ ತೊಂದರೆ ಇದು. ಬಿಸಿಯಾದಾಗ ಗಾಡಿ ನಿಲ್ಲುತ್ತಿತ್ತು. ಸೆಲ್ಫ್ ಚೆನ್ನಾಗಿ ತಿರುಗುತ್ತಿತ್ತು, ಹತ್ತುತ್ತಿರಲಿಲ್ಲ. ಪಂಪ್ ಬಿಸಿಯಾಗಿ ನಿಲ್ಲುತ್ತಿದೆ ಅಂತ ನಾನೇ ತೀರ್ಮಾನಿಸಿ ಹೊಸ ಪಂಪ್ ಹಾಕಿಸಿದೆ. ಮೂರನೇ ದಿನ ಮತ್ತೆ ಅದೇ ಕತೆ. ಆಮೇಲೆ ಪ್ಲಗ್, ಅದಾದ ಮೇಲೆ ಕಾಯಿಲ್. ಕೊನೆಗೆ ವಯಸ್ಸಾದ ಮೆಕಾನಿಕ್ ಒಬ್ಬರು ಗಾಡಿ ನಿಂತ ಗಳಿಗೆಯಲ್ಲೇ ಇಸಿಯು ಮಾಹಿತಿ ಓದುವ ಸ್ಕ್ಯಾನರ್ ಹಾಕಿ, ಸೆಲ್ಫ್ ಹೊಡೆಸಿ, ಆರ್‌ಪಿಎಂ ಸೊನ್ನೆ ಇದ್ದದ್ದನ್ನು ತೋರಿಸಿದರು. ಆಮೇಲೆ ಬಾಟಲಿಯಿಂದ ಕ್ರ್ಯಾಂಕ್ ಸೆನ್ಸರ್ ಮೇಲೆ ಸ್ವಲ್ಪ ತಣ್ಣೀರು ಬಿಟ್ಟರು. ಎರಡು ನಿಮಿಷದಲ್ಲಿ ಗಾಡಿ ಹತ್ತಿತು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಸೆನ್ಸರ್, ಒಂದೇ ಬೋಲ್ಟು. ಅಷ್ಟಕ್ಕೆ ನಾನು ಮೂರು ಪಾರ್ಟ್ಸ್ ಸುಮ್ನೆ ಬದಲಿಸಿದ್ದೆ.

ಆಗುವುದು ಇಷ್ಟು. ಇಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ, ಪಿಸ್ಟನ್ ಎಲ್ಲಿದೆ ಅಂತ ಇಸಿಯುಗೆ ಹೇಳುವುದು ಕ್ರ್ಯಾಂಕ್ ಸೆನ್ಸರ್. ಅದು ಬಾಯಿ ಮುಚ್ಚಿದರೆ ಇಸಿಯು ಮಟ್ಟಿಗೆ ಇಂಜಿನ್ ತಿರುಗುತ್ತಲೇ ಇಲ್ಲ, ಹಾಗಾಗಿ ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರನ್ನೂ ತೆರೆಯುವುದಿಲ್ಲ. ಸೆನ್ಸರ್ ಒಳಗಿನ ಕೂದಲೆಳೆಯಂಥ ತಂತಿ ಬಿಸಿಗೆ ಹಿಗ್ಗಿ ಸಂಪರ್ಕ ಕಡಿದುಕೊಳ್ಳುತ್ತದೆ, ತಣ್ಣಗಾದಾಗ ಮತ್ತೆ ಸೇರುತ್ತದೆ. ಕಿಡಿ ಮತ್ತು ಇಂಧನ ಎರಡೂ ಒಟ್ಟಿಗೆ ಮಾಯವಾದರೆ ನನ್ನ ಮೊದಲ ಅನುಮಾನ ಈಗ ಇದರ ಮೇಲೆಯೇ.

ಸೆಲ್ಫ್ ಸದ್ದು ಎಂದಿಗಿಂತ ಹಗುರವಾಗಿದೆ, ಇಂಜಿನ್ ಸರಾಗವಾಗಿ ಜಾಸ್ತಿ ವೇಗದಲ್ಲಿ ತಿರುಗುತ್ತಿದೆ. ಒಳ್ಳೆಯದೇ ಅಲ್ವಾ?

ಅಲ್ಲ. ತಕ್ಷಣ ನಿಲ್ಲಿಸಿ. ಮಾಮೂಲಿ ಸದ್ದಿನಲ್ಲಿ ಏರಿಳಿತ ಇರುತ್ತದೆ, ಒಂದೊಂದು ಸಿಲಿಂಡರೂ ಗಾಳಿ ಒತ್ತುವಾಗ ಸೆಲ್ಫ್ ಚೂರು ತಿಣುಕುತ್ತದೆ. ಆ ತಿಣುಕಾಟವೇ ಇಲ್ಲದೆ ಒಂದೇ ಸಮ ಸುತ್ತಿದರೆ ಕಂಪ್ರೆಷನ್ ಇಲ್ಲ ಅಂತ ಅರ್ಥ. ಪಿಸ್ಟನ್ ತಾಳಕ್ಕೆ ವಾಲ್ವ್ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಹರಿದಿರಬಹುದು ಅಥವಾ ಚೈನ್ ಹಾರಿರಬಹುದು. ಬಹಳ ಇಂಜಿನ್‌ಗಳಲ್ಲಿ ಬೆಲ್ಟ್ ಹರಿದರೆ ಪಿಸ್ಟನ್ ಬಂದು ತೆರೆದ ವಾಲ್ವ್‌ಗೆ ಗುದ್ದುತ್ತದೆ, ವಾಲ್ವ್ ಬಾಗುತ್ತದೆ. ಇನ್ನೊಮ್ಮೆ ಸೆಲ್ಫ್ ಹೊಡೆದರೆ ಇನ್ನೊಂದಿಷ್ಟು ಬಾಗಬಹುದು.

ನೋಡುವುದು ಕಷ್ಟವಲ್ಲ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹಲವು ಇಂಜಿನ್‌ಗಳಲ್ಲಿ ವಾಲ್ವ್ ಒತ್ತುವ ಕ್ಯಾಮ್ ಶಾಫ್ಟ್ ಕಾಣುತ್ತದೆ. ಪ್ಲಗ್‌ಗಳನ್ನು ಬಿಚ್ಚಿ, ಕ್ರ್ಯಾಂಕ್ ಪುಲ್ಲಿಯನ್ನು ಸ್ಪ್ಯಾನರ್‌ನಿಂದ ಕೈಯಲ್ಲೇ ಮೆಲ್ಲಗೆ ಸ್ವಲ್ಪವೇ ತಿರುಗಿಸಿ. ಎಲ್ಲಾದರೂ ತಡೆದರೆ ಅಲ್ಲೇ ಬಿಡಿ. ಪುಲ್ಲಿ ತಿರುಗಿಯೂ ಕ್ಯಾಮ್ ಅಲ್ಲಾಡದಿದ್ದರೆ ಬೆಲ್ಟ್ ಹೋಗಿದೆ, ಗಾಡಿಯನ್ನು ಟೋ ಮಾಡಿಸಿ.

ಬೆಲ್ಟ್ ಸರಿ ಇದ್ದರೂ ಕಂಪ್ರೆಷನ್ ಕಡಿಮೆ ಇರಬಹುದು. ಚೆನ್ನಾಗಿರುವ ಪೆಟ್ರೋಲ್ ಇಂಜಿನ್‌ನಲ್ಲಿ ಗೇಜ್ ಸಾಮಾನ್ಯವಾಗಿ 10 ಬಾರ್ ದಾಟುತ್ತದೆ. ಆದರೆ ಸವೆತದಿಂದ ಆಗುವ ಇಳಿತ ನಿಧಾನಕ್ಕೆ ಬರುತ್ತದೆ. ನಿನ್ನೆ ಓಡಿದ ಗಾಡಿ ಇವತ್ತು ದಿಢೀರನೆ ಹತ್ತದಿರಲು ಅದು ಕಾರಣವಾಗುವುದು ಅಪರೂಪ.

ಪೆಟ್ರೋಲ್ ವಾಸನೆ ಗಮ್ಮಂತ ಹೊಡೆಯುತ್ತಿದೆ. ಏನು ಮಾಡಲಿ?

ಇಂಜಿನ್ "ಓವರ್" ಆಗಿದೆ, ಅಂದರೆ ಪ್ಲಗ್‌ಗಳು ಪೆಟ್ರೋಲಿನಲ್ಲಿ ನೆನೆದಿವೆ. ತಣ್ಣಗಿದ್ದ ಗಾಡಿಯನ್ನು ಹತ್ತು ಅಡಿ ಆಚೆ ತೆಗೆದು ನಿಲ್ಲಿಸಿ ಕೂಡಲೇ ಆಫ್ ಮಾಡಿದರೆ ಹೀಗಾಗುವುದುಂಟು. ತಣ್ಣನೆ ಇಂಜಿನ್‌ಗೆ ಇಸಿಯು ಜಾಸ್ತಿ ಪೆಟ್ರೋಲ್ ಬಿಟ್ಟಿರುತ್ತದೆ, ಅದು ಉರಿದು ಮುಗಿಯುವ ಮೊದಲೇ ನೀವು ಆಫ್ ಮಾಡಿರುತ್ತೀರಿ.

ಹತ್ತು ನಿಮಿಷ ಬಿಡಿ. ಆಮೇಲೆ ಆಕ್ಸಿಲರೇಟರ್ ಪೂರ್ತಿ ನೆಲಕ್ಕೆ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಪಂಪ್ ಮಾಡುವುದಲ್ಲ, ಒತ್ತಿ ಹಿಡಿಯುವುದು. ಬಹುತೇಕ ಇಂಜೆಕ್ಷನ್ ಗಾಡಿಗಳಲ್ಲಿ ಹೀಗೆ ಮಾಡಿದರೆ ಇಸಿಯು ಇಂಜೆಕ್ಟರ್‌ಗಳನ್ನು ಮುಚ್ಚಿ ಬರೀ ಗಾಳಿ ಹರಿಸುತ್ತದೆ. ಹತ್ತಿಕೊಂಡ ಕೂಡಲೇ ಕಾಲು ಸಡಿಲಿಸಿ. ಪದೇ ಪದೇ ಹೀಗಾದರೆ ಕೂಲಂಟ್ ತಾಪದ ಸೆನ್ಸರ್ ನೋಡಿಸಿ. ಅದರ ವೈರ್ ಕಡಿದಿದ್ದರೆ ಸ್ಕ್ಯಾನರ್‌ನಲ್ಲಿ ಸಾಮಾನ್ಯವಾಗಿ ಮೈನಸ್ 40 ಡಿಗ್ರಿ ಕಾಣುತ್ತದೆ. ಅಷ್ಟು ಚಳಿ ಇದೆ ಅಂತ ನಂಬಿ ಇಸಿಯು ಪೆಟ್ರೋಲ್ ಸುರಿಯಬಹುದು.

ಹತ್ತಿಕೊಂಡು ಒಂದೆರಡು ಸೆಕೆಂಡಿಗೆ ಆರಿಹೋಗುತ್ತದೆ. ಮೀಟರ್‌ನಲ್ಲಿ ಕೀ ಚಿಹ್ನೆ ಮಿನುಗುತ್ತಿದೆ.

ಇದು ಇಮೊಬಿಲೈಸರ್, ಅಂದರೆ ಕಳ್ಳತನ ತಡೆಯುವ ವ್ಯವಸ್ಥೆ. ಕೀ ಹಿಡಿಯೊಳಗಿನ ಪುಟ್ಟ ಚಿಪ್ ಓದಲು ಆಗುತ್ತಿಲ್ಲ. ಮೊದಲು ಎರಡನೇ ಕೀ ತಂದು ನೋಡಿ. ಒಂದೇ ಗೊಂಚಲಲ್ಲಿ ಬೇರೆ ಗಾಡಿಯ ಕೀ ಇದ್ದರೆ ಅದನ್ನು ದೂರ ಇಡಿ, ಎರಡು ಚಿಪ್‌ಗಳು ಹತ್ತಿರ ಇದ್ದರೆ ಗೊಂದಲ ಆಗಬಹುದು. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಗಾಡಿಯಾದರೆ ರಿಮೋಟಿನ ಸೆಲ್ ಇಳಿದಿರಬಹುದು. ಅನೇಕ ಗಾಡಿಗಳಲ್ಲಿ ರಿಮೋಟನ್ನೇ ಬಟನ್‌ಗೆ ತಾಗಿಸಿ ಹಿಡಿದು ಒತ್ತಿದರೆ ಓದಿಕೊಳ್ಳುತ್ತದೆ. ಹೊರಗಡೆ ಹಾಕಿಸಿದ ಅಲಾರಂ ಇದ್ದರೆ ಅದರ ವೈರಿಂಗ್ ಮೇಲೂ ಒಂದು ಕಣ್ಣಿರಲಿ. ಹೀಗೆ ಜೋಡಿಸಿದ ವೈರುಗಳ ಗಂಟುಗಳೇ ಮೊದಲು ಕೈ ಕೊಡುವುದು.

ಸೆಲ್ಫ್ ತಿರುಗುತ್ತಿದೆ ಅಂದ ಮೇಲೆ ಬ್ಯಾಟರಿ ಸರಿ ಇದೆ ಅಂತಲೇ ಅಲ್ವಾ?

ಪೂರ್ತಿ ಹಾಗಲ್ಲ. ಸುಸ್ತಾದ ಬ್ಯಾಟರಿ ಸೆಲ್ಫನ್ನು ಎಳೆದಾಡುತ್ತಾ ತಿರುಗಿಸಿಬಿಡುತ್ತದೆ, ಆದರೆ ಆ ಹೊತ್ತಿಗೆ ಇಸಿಯುಗೆ, ಕಾಯಿಲ್‌ಗೆ, ಪಂಪ್‌ಗೆ ಬೇಕಾದ ವೋಲ್ಟೇಜ್ ಉಳಿಯುವುದಿಲ್ಲ. ಮಲ್ಟಿಮೀಟರ್ ಇಟ್ಟು ನೋಡಿ. ಗಾಡಿ ಸುಮ್ಮನೆ ನಿಂತಿದ್ದಾಗ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಅಂದರೆ ಹೆಚ್ಚು ಕಡಿಮೆ ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಬಿದ್ದರೆ ಜಂಪ್ ಕೇಬಲ್ ಹಾಕಿ ನೋಡಿ. ಹತ್ತಿಕೊಂಡರೆ ನಿಮ್ಮ ಉತ್ತರ ಅಲ್ಲೇ ಸಿಕ್ಕಿತು.

ನನ್ನದು ಡೀಸೆಲ್. ಇದರಲ್ಲಿ ಬೇರೆ ಏನು ನೋಡಬೇಕು?

ಹೊಗೆ ನೋಡಿ. ಸೆಲ್ಫ್ ಹೊಡೆಯುವಾಗ ಸೈಲೆನ್ಸರಿಂದ ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರ್ ತಲುಪುತ್ತಿದೆ, ಉರಿಯುವಷ್ಟು ಬಿಸಿ ಸಿಗುತ್ತಿಲ್ಲ: ಸಿಲಿಂಡರ್ ಕಾಯಿಸುವ ಹೀಟರ್ ಪ್ಲಗ್, ಕಂಪ್ರೆಷನ್ ಅಥವಾ ನಿಧಾನಕ್ಕೆ ತಿರುಗುವ ಸೆಲ್ಫ್. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ.

ಟ್ಯಾಂಕ್ ಪೂರ್ತಿ ಖಾಲಿಯಾದ ಮೇಲೆ ಅಥವಾ ಫಿಲ್ಟರ್ ಬದಲಿಸಿದ ಮೇಲೆ ಹತ್ತದಿದ್ದರೆ ಲೈನಿನಲ್ಲಿ ಏರ್ ಹಿಡಿದಿದೆ. ಫಿಲ್ಟರ್ ಹತ್ತಿರ ಕೈಯಲ್ಲಿ ಒತ್ತುವ ಪಂಪ್ ಇದ್ದರೆ ಅದು ಗಟ್ಟಿಯಾಗುವ ತನಕ ಒತ್ತಿ. ಅದಿಲ್ಲದ ಗಾಡಿಗಳಲ್ಲಿ ಹಲವಕ್ಕೆ ಟ್ಯಾಂಕಿನಲ್ಲೇ ವಿದ್ಯುತ್ ಪಂಪ್ ಇರುತ್ತದೆ, ಕೀ ನಾಲ್ಕೈದು ಸಲ ಆನ್-ಆಫ್ ಮಾಡಿ ಲೈನ್ ತುಂಬಿಸಿ. ಎಲ್ಲ ಇಂಜೆಕ್ಟರ್‌ಗೂ ಒಂದೇ ಪೈಪಿನಿಂದ (ರೈಲ್) ಡೀಸೆಲ್ ಕೊಡುವ ಕಾಮನ್ ರೈಲ್ ಇಂಜಿನ್‌ನಲ್ಲಿ ರೈಲ್ ಒತ್ತಡ ಸುಮಾರು 200 ಬಾರ್ ಮುಟ್ಟುವ ತನಕ ಇಸಿಯು ಸಾಮಾನ್ಯವಾಗಿ ಇಂಜೆಕ್ಟರ್ ತೆರೆಯುವುದೇ ಇಲ್ಲ. ಒಂದು ಇಂಜೆಕ್ಟರ್ ಸೋರಿದರೂ ಸಾಕು, ಆ ಒತ್ತಡ ಏರುವುದಿಲ್ಲ. ಆ ಪೈಪುಗಳ ನಟ್ಟನ್ನು ಮನೆಯಲ್ಲಿ ಸಡಿಲಿಸಲು ಹೋಗಬೇಡಿ. ಅಷ್ಟು ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಆಸ್ಪತ್ರೆಯೇ ಗತಿ.

ಪೆಟ್ರೋಲ್ ಹಾಕಿಸಿದ ತಕ್ಷಣವೇ ಯಾಕೆ ತಕರಾರು?

ಎರಡು ಕಾರಣ. ಒಂದು, ಪರ್ಜ್ ವಾಲ್ವ್. ಟ್ಯಾಂಕಿನ ಆವಿಯನ್ನು ಇಂಜಿನ್‌ಗೆ ಬಿಡುವ ಸಣ್ಣ ವಾಲ್ವ್ ಇದು. ತೆರೆದೇ ಸಿಕ್ಕಿಕೊಂಡರೆ ಟ್ಯಾಂಕ್ ತುಂಬಿಸಿದಾಗ ಆವಿಯೆಲ್ಲ ಇಂಜಿನ್‌ಗೆ ನುಗ್ಗಿ ಓವರ್ ಆಗುತ್ತದೆ. ಮೇಲೆ ಹೇಳಿದ ಆಕ್ಸಿಲರೇಟರ್ ಉಪಾಯಕ್ಕೆ ಹತ್ತಿಕೊಳ್ಳುತ್ತದೆ. ಎರಡು, ಇಂಧನವೇ ಅದಲು ಬದಲಾಗಿರುವುದು. ಅನುಮಾನ ಬಂದರೆ ಬಿಲ್ ನೋಡಿ. ಹೌದು ಅಂತಾದರೆ ಕೀ ಆನ್ ಕೂಡ ಮಾಡಬೇಡಿ, ಪಂಪ್ ಅದನ್ನು ಲೈನಿಗೆ ತಳ್ಳಿಬಿಡುತ್ತದೆ. ಟ್ಯಾಂಕ್ ಖಾಲಿ ಮಾಡಿಸುವುದೊಂದೇ ದಾರಿ.

ನೀರಿನಲ್ಲಿ ಹೋಗಿ ನಿಂತುಬಿಟ್ಟಿತು. ಮತ್ತೆ ಸೆಲ್ಫ್ ಹೊಡೆಯಲಾ?

ಬೇಡ. ಏರ್ ಫಿಲ್ಟರ್ ಬಾಕ್ಸ್ ತೆಗೆದು ನೋಡಿ. ಒಳಗೆ ಒದ್ದೆ ಇದ್ದರೆ ಸಿಲಿಂಡರ್ ಒಳಗೂ ನೀರು ಇರಬಹುದು. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ, ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ತಳ್ಳಿ ಸ್ಟಾರ್ಟ್ ಮಾಡಬಹುದಾ?

ತಳ್ಳುವುದು ಸೆಲ್ಫ್ ಮಾಡುವ ಕೆಲಸವನ್ನೇ. ಸೆಲ್ಫ್ ಆಗಲೇ ಚೆನ್ನಾಗಿ ತಿರುಗಿಸುತ್ತಿರುವಾಗ ನಾಲ್ಕು ಜನ ಬೆವರು ಸುರಿಸಿ ತಳ್ಳಿದರೆ ಏನು ಬಂತು?

ಏರ್ ಫಿಲ್ಟರ್‌ಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆದರೆ ಹತ್ತುತ್ತದಂತೆ, ನಿಜವಾ?

ಟೆಸ್ಟ್ ಆಗಿ ಸರಿ, ಔಷಧಿಯಾಗಿ ಅಲ್ಲ. ಪೆಟ್ರೋಲ್ ಗಾಡಿಯಲ್ಲಿ ಒಂದು ಸೆಕೆಂಡಿನಷ್ಟು ಹೊಡೆದು, ಫಿಲ್ಟರ್ ಬಾಕ್ಸ್ ಮುಚ್ಚಿ ಸೆಲ್ಫ್ ಹೊಡೆಯಿರಿ. ಎರಡು ಸೆಕೆಂಡ್ ಓಡಿ ನಿಂತರೆ ಕಿಡಿ, ಕಂಪ್ರೆಷನ್ ಇವೆ, ಇಂಧನ ಇಲ್ಲ. ಹೀಟರ್ ಪ್ಲಗ್ ಇರುವ ಡೀಸೆಲ್‌ಗೆ ಮಾತ್ರ ಇದನ್ನು ಹತ್ತಿರವೂ ತರಬೇಡಿ. ಕೆಂಪಗೆ ಕಾದ ಪ್ಲಗ್‌ಗೆ ತಗುಲಿದರೆ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಸ್ಫೋಟಿಸುತ್ತದೆ.

ಮನೆಯಲ್ಲಿ ಸ್ಕ್ಯಾನರ್ ಇಟ್ಟುಕೊಳ್ಳುವುದು ಒಳ್ಳೆಯದಾ?

ಖಂಡಿತ. ಸ್ಟಿಯರಿಂಗ್ ಕೆಳಗೆ 16 ಪಿನ್‌ನ ಓಬಿಡಿ ಸಾಕೆಟ್ ಇರುತ್ತದೆ. ಅದಕ್ಕೆ ಸಿಕ್ಕಿಸಿ ಫೋನಿನಲ್ಲಿ ಓದುವ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಸಾಕು. ಇಸಿಯು ಕಂಡುಹಿಡಿದ ತೊಂದರೆಗಳ ಕೋಡ್ ಅದರಲ್ಲಿ ಕಾಣುತ್ತದೆ: ಪಿ0335 ಅಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್, ಪಿ0340 ಕ್ಯಾಮ್ ಸೆನ್ಸರ್, ಪಿ0230 ಪಂಪ್ ಸರ್ಕ್ಯೂಟ್, ಪಿ0087 ರೈಲ್ ಒತ್ತಡ ಕಡಿಮೆ. ಪಿ0016 ಬಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ಹೊಂದಿಕೆ ತಪ್ಪಿದೆ, ಬೆಲ್ಟ್ ಅಥವಾ ಚೈನ್ ಕಡೆ ನೋಡಿ.

ಕೋಡ್‌ಗಿಂತ ನಾನು ಜಾಸ್ತಿ ನಂಬುವುದು ಲೈವ್ ಡೇಟಾ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಎಷ್ಟು, ವೋಲ್ಟೇಜ್ ಎಷ್ಟು, ಕೂಲಂಟ್ ತಾಪ ಎಷ್ಟು? ಈ ಮೂರು ಅಂಕಿ ಸಾಕು, ಅರ್ಧ ಕೆಲಸ ಮುಗಿಯಿತು. ಕೋಡ್ ಇಲ್ಲ ಅಂದರೆ ತೊಂದರೆ ಇಲ್ಲ ಅಂತಲ್ಲ. ಖಾಲಿ ಟ್ಯಾಂಕ್‌ಗೆ ಯಾವ ಕೋಡೂ ಬರದೆ ಇರಬಹುದು. ಸೆನ್ಸರ್ ಹೆಸರಿನ ಕೋಡ್ ಬಂದರೆ ಸೆನ್ಸರೇ ಕೆಟ್ಟಿದೆ ಅಂತಲೂ ಅಲ್ಲ, ಅದರ ವೈರ್, ಸಾಕೆಟ್ ಮೊದಲು ನೋಡಿ.

ಮೆಕಾನಿಕ್‌ಗೆ ಫೋನ್ ಮಾಡುವಾಗ ಏನು ಹೇಳಬೇಕು?

"ಗಾಡಿ ಸ್ಟಾರ್ಟ್ ಆಗ್ತಿಲ್ಲ" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ, ಬ್ಯಾಟರಿ ಹಿಡಿದುಕೊಂಡು ಬರುತ್ತಾರೆ. ಹೀಗೆ ಹೇಳಿ: "ಅಣ್ಣ, ಸೆಲ್ಫ್ ಚೆನ್ನಾಗಿ ಹೊಡೀತಿದೆ, ಹತ್ತುತ್ತಿಲ್ಲ. ಪಂಪ್ ಸದ್ದು ಬರುತ್ತಿದೆ. ಆರ್‌ಪಿಎಂ ಮುಳ್ಳು ಏಳುತ್ತಿಲ್ಲ. ಪೆಟ್ರೋಲ್ ವಾಸನೆ ಇಲ್ಲ. ನಿನ್ನೆ ಬಿಸಿ ಇದ್ದಾಗ ಒಂದು ಸಲ ಹೀಗೇ ನಿಂತಿತ್ತು." ಸೆಲ್ಫ್ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದರೆ ಇನ್ನೂ ಒಳ್ಳೆಯದು. ಈಚೆಗೆ ಯಾವ ರಿಪೇರಿ ಆಗಿತ್ತು ಅನ್ನುವುದನ್ನು ಮುಚ್ಚಿಡಬೇಡಿ. ನಿನ್ನೆ ಸ್ಟೀರಿಯೊ ಹಾಕಿಸಿ ಇವತ್ತು ಗಾಡಿ ಹತ್ತದಿದ್ದರೆ ಅವೆರಡಕ್ಕೂ ನಂಟಿರುವ ಸಾಧ್ಯತೆ ಬಹಳ.

ಕೊನೆಗೂ ಹತ್ತಿಕೊಂಡಿತು. ಏನೂ ಮಾಡದೆಯೇ! ಈಗ ಆಫ್ ಮಾಡಲಾ?

ಆಯಿಲ್ ದೀಪ, ತಾಪದ ದೀಪ ಎರಡೂ ಆರಿದ್ದು, ಇಂಜಿನ್‌ನಿಂದ ಬೇರೆ ಸದ್ದು ಬಾರದಿದ್ದರೆ ಆಫ್ ಮಾಡದೆ ನೇರ ಗ್ಯಾರೇಜಿಗೆ ಹೋಗಿ. ಆದರೆ ದಾರಿ ಮಧ್ಯೆ ನಿಂತರೆ ಪವರ್ ಸ್ಟಿಯರಿಂಗ್ ಗಟ್ಟಿಯಾಗುತ್ತದೆ, ಬ್ರೇಕನ್ನು ಜೋರಾಗಿ ಒತ್ತಬೇಕಾಗುತ್ತದೆ. ಹಾಗಾಗಿ ವೇಗದ ರಸ್ತೆ ಬಿಟ್ಟು ಬದಿಗೆ ಜಾಗ ಇರುವ ದಾರಿ ಹಿಡಿಯಿರಿ. ಅಲ್ಲಿ ಹೋದ ಮೇಲೆ "ಈಗ ಚೆನ್ನಾಗಿದೆಯಲ್ಲ ಸಾರ್" ಅಂತ ವಾಪಸ್ ಕಳಿಸಲು ನೋಡುತ್ತಾರೆ. ಕೋಡ್ ಓದಿಸದೆ ಬರಬೇಡಿ. ಓದಿದ ಕೋಡನ್ನು ಅಳಿಸುವ ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ.